ಶಾರ್ಜಾದ ಸೋಮವಾರ

ಬ್ಯಾಡಗಿ
೨೩-೧೧-೨೦೦೯

ಚಿ. ಸೌ. ನಿರ್ಮಲಾಳಿಗೆ,

ಅಣ್ಣ ಅಂದಾನೆಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅವ್ವನ ಮೊಣಕಾಲು ನೋವು ಕಡಿಮೆಯಾಗಿ, ಈಗ ಓಣಿಯ ಸುದ್ದಿಯನ್ನೆಲ್ಲ ತಾನೇ ಹೋಗಿ ತರುತ್ತಾಳೆ. ಐದು ತಿಂಗಳಿಂದ ನಿನ್ನ ಫೋನ್ ಎತ್ತಲಿಲ್ಲ, ತಪ್ಪಾಯಿತು. ಪೇಟೆಯ ಗದ್ದಲ ಎಂದು ನನ್ನವಳಿಂದ, ನಿನ್ನ ವೈನಿಯಿಂದ, ಹೇಳಿಸಿದೆ. ಸುಗ್ಗಿ ಇಲ್ಲದ ದಿನ ಎಲ್ಲಿಯ ಗದ್ದಲ? ಫೋನಿನ ಪಕ್ಕದಲ್ಲೇ ನಿಂತಿರುತ್ತಿದ್ದೆ.

ಫೆಬ್ರುವರಿಯಲ್ಲಿ ಶಾರ್ಜಾಕ್ಕೆ ಬಂದಾಗ, ನಿನ್ನ ಯಜಮಾನರು ಶಶಿಕಾಂತರ ಕಾರು ತೆಗೆದುಕೊಂಡು ಮೆಣಸಿನಕಾಯಿ ವ್ಯಾಪಾರಿಯೊಬ್ಬರನ್ನು ಕಾಣಲು ಹೋಗಿದ್ದೆನಲ್ಲ, ಅಂದು ಸೋಮವಾರ. ಇಲ್ಲಿ ನಮ್ಮ ಪೇಟೆಯಲ್ಲಿ ಮಾಲಿಗೆ ರೇಟು ಬರೆದು ಟೆಂಡರ್ ಚೀಟಿ ಹಾಕುವ ಹೊತ್ತು ಮುಗಿಯುತ್ತ ಬಂದಿತ್ತು. ನನ್ನ ಮೊಬೈಲು ಅಲ್ಲಿ ಹತ್ತುತ್ತಿರಲಿಲ್ಲ. ನಿಮ್ಮ ಮನೆಯ ಫೋನಿನಿಂದ ಗುಮಾಸ್ತನಿಗೆ ರೇಟು ಹೇಳಬೇಕೆಂದು ಸಿಕ್ಕಾಪಟ್ಟೆ ಓಡಿಸಿದೆ. ದಾರಿಯಲ್ಲಿ ಕ್ಯಾಮರಾ ಮಿಂಚಿತು. ಯಾರೋ ಫೋಟೋ ತೆಗೆದರೆಂದು ಮೀಸೆ ತಿರುವಿದೆ, ನಾನೊಬ್ಬ ಮಳ್ಳ.

ದಂಡವನ್ನು ಶಶಿಕಾಂತರೇ ಕಟ್ಟಿದರು. ಆದರೆ ಅತಿವೇಗದ ಕಪ್ಪು ಗುರುತು ಮಾಲೀಕರೆಂದು ಅವರ ಲೈಸೆನ್ಸಿನ ದಾಖಲೆಗೇ ಬಿತ್ತು. ಅವರು ಫೋನ್ ಮಾಡಿ, “ಅಣ್ಣಾರ, ಗಾಡಿ ನಾ ಹೊಡದೇನಿ ಅಂತ ನಾಕು ಸಾಲು ಬರದು ಸಹಿ ಮಾಡಿ ಕಳಸ್ರಿ. ನಾ ಹೊಡಿಯೋ ಶಾಲಿ ಬಸ್ಸಿನ ಇನ್ಶೂರೆನ್ಸ್ ಮಾಡಸುವಾಗ ಡ್ರೈವರ್ ದಾಖಲೆ ನೋಡ್ತಾರ” ಎಂದರು. ಎಷ್ಟು ಮೆತ್ತಗೆ ಕೇಳಿದರು! ಸಹಿ ಮಾಡಿದರೆ ನನ್ನ ಲಾರಿಗಳ ಇನ್ಶೂರೆನ್ಸ್ ಕೆಡುತ್ತದೆ, ಪೇಟೆಯಲ್ಲಿ ಮಾನ ಹೋಗುತ್ತದೆ ಎಂದು ಹೆದರಿ, “ನಾ ಸಾವಕಾಶ ಹೊಡದೇನ್ರಿ, ಆ ಕ್ಯಾಮರಾನ ಸುಳ್ಳು” ಎಂದುಬಿಟ್ಟೆ. ಅವರು ಅವ್ವನ ಮೊಣಕಾಲು ವಿಚಾರಿಸಿ ಫೋನಿಟ್ಟರು.

ಜೂನಿನಲ್ಲಿ ನೀನು ಅಳುತ್ತ ಹೇಳಿದೆ: ಇನ್ಶೂರೆನ್ಸಿನವರು ಅವರ ಹೆಸರು ಒಪ್ಪಲಿಲ್ಲ, ಬಸ್ಸಿನಿಂದ ಇಳಿಸಿ ಬಸ್ಸು ತೊಳೆಯಲು ಹಾಕಿದ್ದಾರೆ ಎಂದು. ಹದಿನಾಲ್ಕು ವರ್ಷ ಮಕ್ಕಳನ್ನು ಸುರಕ್ಷಿತವಾಗಿ ಮನೆ ಮುಟ್ಟಿಸಿದ ಮನುಷ್ಯ! ಅಂದಿನಿಂದಲೇ ನಿನ್ನ ದನಿ ಕೇಳಲು ನನಗೆ ಧೈರ್ಯವಾಗಿಲ್ಲ.

ಮೊನ್ನೆ ರಾಣೇಬೆನ್ನೂರಿನಲ್ಲಿ ನಮ್ಮ ಇನ್ಶೂರೆನ್ಸ್ ಏಜೆಂಟ್ ಮಾಲತೇಶಪ್ಪನನ್ನು, ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿದೆ. ಅವನು ನಕ್ಕ. “ಅಲ್ಲಿ ದಂಡ ಇಲ್ಲಿಗೆ ಯಾಕ ಬರತೈತ್ರಿ ಸಾವಕಾರ್ರ? ಲಾರಿಗೂ ಅದಕ್ಕೂ ಏನ್ ಸಂಬಂಧ?” ಸಹಿ ಮಾಡಿದ್ದರೆ ನನ್ನ ಕೂದಲೂ ಕೊಂಕುತ್ತಿರಲಿಲ್ಲ ನಿರ್ಮಲಾ. ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಸಹಿ ಮಾಡಿದ ಕಾಗದ, ಲೈಸೆನ್ಸಿನ ಝರಾಕ್ಸ್ ಇದರ ಜೊತೆಗಿವೆ. ಇಷ್ಟು ತಡವಾಗಿ ನಡೆಯುತ್ತದೋ ಇಲ್ಲವೋ ತಿಳಿಯದು. ಸಾಲದಿದ್ದರೆ ನಾನೇ ಬಂದು ಅವರ ಸಾಹೇಬರ ಮುಂದೆ ನಿಲ್ಲುತ್ತೇನೆ. ಶಶಿಕಾಂತರಿಗೆ ಇದನ್ನು ಓದಿ ಹೇಳು. ನಿಮ್ಮಿಬ್ಬರ ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ಅಂದಾನೆಪ್ಪ

ತಾ.ಕ.: ನಿನ್ನ ಮೈದುನ ಮಧುವಿಗೆ ಹೆಣ್ಣು ಕೊಡಲು ಕರ್ಜಗಿಯವರು ಯಾಕೆ ಹಿಂದೆ ಸರಿದರೆಂದು ವೈನಿಯನ್ನು ಕೇಳಿದ್ದೆಯಂತೆ. ಮನೆತನ ವಿಚಾರಿಸಲು ಅವರು ನನ್ನ ಅಂಗಡಿಗೇ ಬಂದಿದ್ದರು. “ಹುಡುಗನ ಅಣ್ಣನ್ನ ಬಸ್ಸಿನಿಂದ ಯಾಕ ಇಳಿಸ್ಯಾರಂತ್ರಿ?” ಎಂದರು. “ಅವರು ಗಾಡಿ ಭಾಳ ಜೋರ ಹೊಡೀತಾರ್ರಿ” ಎಂದೆ. ನಿನ್ನೆ ಖರೇ ಹೇಳಿಬಿಡಬೇಕೆಂದು ಕರ್ಜಗಿಗೆ ಹೋದೆ. ಅಂಗಳದಲ್ಲಿ ಲಗ್ನದ ಹಂದರ ಹಾಕುತ್ತಿದ್ದರು, ಹುಡುಗ ಬೇರೆ. ಹುಡುಗಿಯ ತಂದೆ ಓಡಿಬಂದು ನನ್ನ ಎರಡೂ ಕೈ ಹಿಡಿದು, “ನಿಮ್ಮ ತಂಗೀ ಮನಿ ಅಂತ ಮುಚ್ಚಿಡಲಿಲ್ಲ ನೀವು. ನಿಮ್ಮಂಥಾ ಖರೇ ಮನಶ್ಯಾರು ಎಲ್ಲಿ ಸಿಗ್ತಾರ್ರಿ?” ಎಂದ. ಅವರು ಕೊಟ್ಟ ಚಹಾ ಕುಡಿದು, ಖರೇ ಹೇಳದೆಯೇ ಬಂದೆ.