ಮೂರನೇ ಪುಟದ ಉತ್ತರ

ಶೋಭಿತಾ ತಾಯಿ,

ನೀನು ಆರೋಗ್ಯವಾಗಿದ್ದೀಯ, ನಿಮ್ಮವ್ವ ಮಾಯಮ್ಮನವರ ಮೊಣಕಾಲು ನೋವು ಹಿಡಿತದಲ್ಲಿದೆ ಎಂದುಕೊಂಡು ಬರೆಯುತ್ತಿದ್ದೇನೆ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ನಾನು ಬಾಯಿಂದ ಅನ್ನ ಸಂಪಾದಿಸಿದವನು. ಮಾತಿಗೆ ಬಿಟ್ಟಿದ್ದರೆ ಎರಡೇ ನಿಮಿಷದಲ್ಲಿ ತಪ್ಪೆಲ್ಲ ನಿನ್ನದೇ ಎಂದು ನಿನ್ನಿಂದಲೇ ಒಪ್ಪಿಸಿಬಿಡುತ್ತಿದ್ದೆ. ಕಾಗದದ ಮೇಲೆ ಅದು ಅಷ್ಟು ಸುಲಭವಲ್ಲ.

ಹಾಸನದ ಗಾರ್ಮೆಂಟ್ಸಿನಲ್ಲಿ ನಿನಗೆ ಕೆಲಸ ತಪ್ಪಿದ್ದಕ್ಕೆ ಕಾರಣ ನಿನ್ನ ಇಂಗ್ಲಿಷ್ ಅಲ್ಲ, ನನ್ನ ನೋಟ್ಸು. ಇದನ್ನು ಹೇಳುವುದಕ್ಕೇ ಈ ಪತ್ರ.

ಹೊಳೆನರಸೀಪುರದ ಸೈಕಲ್ ಶಾಪಿನ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಪಿಯುಸಿ ಮುಗಿಸದವನು ನಾನು. ಬಸ್ಸುಗಳಲ್ಲಿ ಪೆನ್ನು ಮಾರುತ್ತ ಕಲಿತದ್ದನ್ನೇ ನಲವತ್ತು ಪುಟದ ನೋಟ್ಸು ಮಾಡಿದೆ. ರೆಸ್ಯೂಮ್, ಶಿಫ್ಟು, ಪ್ರೊಬೇಷನ್, ನೋಟಿಸ್ ಪೀರಿಯಡ್, ಯಾವ ಪದ ಯಾವ ಮೇಜಿನ ಮುಂದೆ ಓಡುತ್ತದೆ ಎಂಬುದು ನನಗೆ ಗೊತ್ತು. ಮೂರನೇ ಪುಟದಲ್ಲಿ ಎಲ್ಲರಿಗೂ ಒಂದೇ ಉತ್ತರ: ಅಪ್ಪ ಅಗ್ರಿಕಲ್ಚರಿಸ್ಟ್, ಅಮ್ಮ ಹೌಸ್‌ವೈಫ್, ನಾನು ಫ್ರೆಶರ್, ಅಂದರೆ ಕೆಲಸದ ಅನುಭವವಿಲ್ಲ. ಅಪ್ಪನಿಗೆ ಹೊಲವಿರಲಿ ಬಿಡಲಿ, ಅಮ್ಮ ಮನೆಯಲ್ಲಿರಲಿ ಕೂಲಿಗೆ ಹೋಗಲಿ, ಉತ್ತರ ಬದಲಾಗುತ್ತಿರಲಿಲ್ಲ.

ಆ ಪುಟವನ್ನು ಪ್ರಶ್ನಿಸಿದವಳು ನೀನೊಬ್ಬಳೇ.

"ಸಾ, ನಮ್ಮವ್ವ ಮನೇಲಿ ಕೂತಿದ್ದ ನಾ ನೋಡೇ ಇಲ್ಲ. ಪುಟ್ಟಸ್ವಾಮ್ಯೋರು ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೇಲಿ ಇಪ್ಪತ್ತು ವರ್ಸದಿಂದ ಎಲೆ ಬಣ್ಣ ನೋಡಿ ಗ್ರೇಡ್ ಮಾಡ್ತಾವ್ಳೆ. ಪಿಯುಸಿ ಆದ್ಮೇಲೆ ನಾನೂ ಆರು ವರ್ಸದಿಂದ ಓಯ್ತಾವ್ನಿ. ಅದ್ನ ಏಳ್ಬಾರ್ದಾ?"

"ಕೂಲಿ ಅಂದ್ರೆ ಅವ್ರೂ ಕೂಲಿ ಕೆಲ್ಸಾನೇ ಕೊಡ್ತಾರೆ ಕಣವ್ವ. ಫ್ರೆಶರ್ ಅನ್ನು, ಇಸ್ತ್ರಿ ಮಾಡ್ದಂಗಿರ್ತದೆ," ಎಂದೆ ನಾನು. ಕ್ಲಾಸೆಲ್ಲ ನಕ್ಕಿತು. ನೀನು ನಗಲಿಲ್ಲ, ಆದರೂ ಬರೆದುಕೊಂಡೆ. ಮೇಷ್ಟ್ರ ಮೇಲಿನ ನಂಬಿಕೆ ಅದು.

ನಿನ್ನ ಇಂಟರ್‌ವ್ಯೂ ಮಾಡಿದ ಹರ್ಷವರ್ಧನ್ ಮೊನ್ನೆ ಮಂಗಳವಾರ ಕ್ಲಾಸಿಗೆ ಬಂದಿದ್ದರು. ಕಟ್ಟಾಯದ ಕಡೆಯವರು, ನೇರ ಮಾತು.

"ನಿಮ್ ಕ್ಲಾಸಿಂದ ಒಂಬತ್ ಜನ ಬಂದಿದ್ರು ಮೇಷ್ಟ್ರೇ. ಒಂಬತ್ತೂ ಜನದ ತಾಯಂದ್ರು ಹೌಸ್‌ವೈಫು, ಅದೂ ಒಂದೇ ರಾಗ್ದಲ್ಲಿ. ನನಗೆ ಬೇಕಾಗಿದ್ದು ಬಟ್ಟೆ ಬಣ್ಣ ನೋಡೋ ಕಣ್ಣು. ಆ ಅರಕಲಗೂಡಿನ ಹುಡ್ಗಿ ಇದ್ಲಲ್ಲ, ಮೇಜಿನ ಮೇಲೆ ಬಿದ್ದಿದ್ದ ಬಟ್ಟೆ ತುಂಡುಗಳ್ನ ನಾನು ಕೇಳ್ದೇನೇ ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಜೋಡ್ಸಿಟ್ಲು. ಒಂದೂ ತಪ್ಪಿಲ್ಲ. ಮುಂಚೆ ಇಂಥ ಕೆಲ್ಸ ಮಾಡಿದ್ಯೇನಮ್ಮಾ ಅಂದೆ. ನೋ ಸರ್, ಫ್ರೆಶರ್ ಅಂದ್ಲು. ಬಣ್ಣ ವಿಂಗಡ್ಸೋದ್ರಲ್ಲಿ ಎರಡ್ ವರ್ಷದ ಅನುಭವ ಬೇಕೇಬೇಕು, ಕೈಬಿಟ್ಟೆ."

ಶೋಭಿತಾ, ಆ ಹುಡುಗಿ ನೀನೇ. ಬೇಯಿಸಿದ ಎಲೆಯನ್ನು ಬೆಳಕಿಗೆ ಹಿಡಿದು, ಹೊಂಬಣ್ಣದ್ದು ಬೇರೆ, ಕಂದು ತಿರುಗಿದ್ದು ಬೇರೆ, ಹಸಿರು ಉಳಿದದ್ದು ಬೇರೆ ಎಂದು ಆರು ವರ್ಷ ವಿಂಗಡಿಸಿದ ಕಣ್ಣನ್ನು ನಾನು ಒಂದೇ ಪದದಲ್ಲಿ ಮುಚ್ಚಿಸಿಬಿಟ್ಟಿದ್ದೆ.

ಆ ಮೂರನೇ ಪುಟದ ಉತ್ತರ ನನಗೆ ಎಲ್ಲಿಂದ ಬಂತು ಎಂದೂ ಹೇಳುತ್ತೇನೆ. ನನ್ನವ್ವ ಬೆಟ್ಟಮ್ಮ ಚನ್ನರಾಯಪಟ್ಟಣದ ರಸ್ತೆ ಕೆಲಸದಲ್ಲಿ ಜಲ್ಲಿ ಹೊತ್ತವಳು. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಅವಳನ್ನು ಹೌಸ್‌ವೈಫ್ ಎಂದಿದ್ದೆ, ಕೆಲಸ ಸಿಕ್ಕಿತು. ಮನೆಗೆ ಬಂದಾಗ ಅವಳು ಕೇಳಿದಳು, "ನನ್ ಬಗ್ಗೆ ಏನಂದ್ಯಲಾ?" ಮನೆಯಲ್ಲೇ ಇರುತ್ತಾಳೆ ಅಂತ ಹೇಳಿದೆ ಎಂದೆ. ಜಲ್ಲಿ ಬಾಣಲಿ ಹೊತ್ತು ಕೂದಲು ಸವೆದ ನೆತ್ತಿಯನ್ನು ಮುಟ್ಟಿಕೊಂಡು, "ಅಂಗಾರೆ ಈ ತಲೆ ಯಾರ್ದ್ಲಾ?" ಎಂದು ನಕ್ಕಳು. ನಾನೂ ನಕ್ಕೆ. ಒಂದು ಸಲ ನಡೆದ ಸುಳ್ಳನ್ನು ನಿಯಮ ಮಾಡಿ, ನಕಲು ತೆಗೆಸಿ, ನಿಮಗೆಲ್ಲ ಹಂಚಿದೆ.

ಹರ್ಷವರ್ಧನ್ ಅವರಿಗೆ ಎಲ್ಲವನ್ನೂ ಹೇಳಿದ್ದೇನೆ. ಆ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಬರುವ ಗುರುವಾರ ಹನ್ನೊಂದು ಗಂಟೆಗೆ ಬಂದರೆ ಇನ್ನೊಮ್ಮೆ ನೋಡುತ್ತೇನೆ ಎಂದಿದ್ದಾರೆ, ಕೊಡುತ್ತೇನೆ ಎಂದಿಲ್ಲ. ನೀನು ಇನ್ನು ಯಾವ ಇಂಟರ್‌ವ್ಯೂಗೂ ಹೋಗುವುದಿಲ್ಲ ಎಂದು ಹೇಳಿ ಬ್ಯಾರನ್ನಿಗೆ ವಾಪಸ್ ಹೋಗಿದ್ದೀಯ ಎಂದು ನಿನ್ನ ಜೊತೆ ಕ್ಲಾಸಿಗೆ ಬರುತ್ತಿದ್ದ ಮಾನಸಾಳಿಂದ ತಿಳಿಯಿತು. ಗುರುವಾರ ನೀನು ಹೋಗದಿದ್ದರೆ ನಿನ್ನನ್ನು ದೂರುವ ಹಕ್ಕು ನನಗಿಲ್ಲ. ಆದರೆ ನನ್ನ ತಪ್ಪಿಗೆ ನೀನು ಬ್ಯಾರನ್ನಿನಲ್ಲೇ ಉಳಿದುಬಿಡುವುದು ನ್ಯಾಯವಲ್ಲ.

ಈ ಸಲ ನೋಟ್ಸು ಕಳಿಸುತ್ತಿಲ್ಲ. ಎಷ್ಟು ವರ್ಷ, ಏನು ಕೆಲಸ, ಯಾರಿಂದ ಕಲಿತೆ, ಇಷ್ಟನ್ನು ನಿನ್ನ ಮಾತಿನಲ್ಲೇ ಹೇಳು. ಇಂಗ್ಲಿಷ್ ಮುಗಿದ ಕಡೆ ಕನ್ನಡ ಹಾಕು. ನಾನು ಜೊತೆಗೆ ಬರುವುದಿಲ್ಲ, ಬಂದರೆ ಸುಮ್ಮನಿರಲಾರೆ. ಮಾಯಮ್ಮನವರನ್ನು ಕರೆದುಕೊಂಡು ಹೋಗು. ಅವರೂ ಆ ತುಂಡುಗಳನ್ನು ಒಂದು ಸಲ ಜೋಡಿಸಲಿ. ಇಬ್ಬರಲ್ಲಿ ಯಾರನ್ನು ತೆಗೆದುಕೊಳ್ಳಬೇಕು ಎಂಬುದು ಹರ್ಷವರ್ಧನ್ ಅವರ ತಲೆನೋವಾಗಲಿ.

ನಿಮ್ಮಿಬ್ಬರ ಕಣ್ಣೂ ತಣ್ಣಗಿರಲಿ.

ತಪ್ಪೊಪ್ಪಿಕೊಂಡಿರುವ ನಿನ್ನ ಮೇಷ್ಟ್ರು,
ಪರಮೇಶ್