ರಜೆಯ ಮೇಲಿರುವ ಪಂಪು ಮತ್ತು ಅಂಕಮ್ಮನ ಸೆಣಬಿನ ಬೀಜ

ಬೀಜ ಹಂಚುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಹೊಲದಲ್ಲಿ ಕಳೆ ಹುಟ್ಟಗೊಡಲಿಲ್ಲ ಎಂಬ ತಪ್ಪಿಗೆ ಪೂರಿಗಾಲಿಯ ಅಂಕಮ್ಮನವರ ಹೆಸರನ್ನು ತಾವು ಬೀಜದ ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ತಮ್ಮ ಕಾಗದದಲ್ಲಿ ಹಾಗೆ ಬರೆದಿಲ್ಲ, ಒಪ್ಪುತ್ತೇನೆ. ಅಲ್ಲಿರುವುದು ‘ಸದರಿ ಫಲಾನುಭವಿಯು ಕಳೆ ನಿಯಂತ್ರಣ ಕ್ರಮ ಕೈಗೊಂಡಿರುವುದಿಲ್ಲ’ ಎಂದು. ಆದರೆ ಕಬ್ಬು ಎಳೆಯದಾಗಿದ್ದಾಗ ಆ ಹೊಲವನ್ನು ಕಣ್ಣಾರೆ ಕಂಡವನು ನಾನು. ತಮ್ಮ ಕಚೇರಿ ಮುಂದಿನ ಹೂಕುಂಡಗಳಲ್ಲಿರುವಷ್ಟು ಕಳೆಯೂ ಅಲ್ಲಿರಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮೂವತ್ತೆಂಟು ವರ್ಷದಿಂದ ಮಂಡ್ಯದ ಗುತ್ತಲಿನಲ್ಲಿ ಕಳೆಗೆ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದೇನೆ. ಮದ್ದೂರಿನಿಂದ ಮಳವಳ್ಳಿಯವರೆಗೆ ಕಳೆ ಹೆಚ್ಚಿದಷ್ಟೂ ನನ್ನ ಅಂಗಡಿಗೆ ಕ್ಷೇಮ. ಅಂಥವನೇ ಕಳೆಯ ವಿರುದ್ಧ ಅರ್ಜಿ ಹಿಡಿದು ನಿಂತಿದ್ದಾನೆಂದರೆ ವಿಷಯ ಎಲ್ಲಿಗೆ ಬಂದಿದೆ ನೋಡಿ. ಬಿ.ಎಸ್ಸಿ. ಒಂದು ವರ್ಷ ಓದಿದ್ದೆ. ಬಾಟನಿ ಮೇಷ್ಟ್ರು ‘ಎ ವೀಡ್ ಈಸ್ ಎ ಪ್ಲಾಂಟ್...’ ಎಂದು ಶುರುಮಾಡಿದ್ದು ನೆನಪಿದೆ, ಮುಂದಿನದು ಹೋಗಿದೆ. ಆ ಅರ್ಧ ಇಂಗ್ಲಿಷೇ ಈ ಪತ್ರಕ್ಕೆ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಅಂಕಮ್ಮನವರದು ಮುಕ್ಕಾಲು ಎಕರೆ ಕಬ್ಬು. ಮಳವಳ್ಳಿಯಲ್ಲೇ ರಿಪೇರಿಯವರಿದ್ದರೂ ನನ್ನ ವಾಷರ್ರೇ ಬೇಕೆಂದು ಎರಡು ಬಸ್ಸು ಬದಲಿಸಿ ಬರುತ್ತಿದ್ದ ಗಿರಾಕಿ. ಇದ್ದಕ್ಕಿದ್ದಂತೆ ಬರುವುದು ನಿಂತಿತು. ಬೇರೆ ಅಂಗಡಿ ಹಿಡಿದರೇನೋ ಎಂಬ ಹೊಟ್ಟೆಕಿಚ್ಚಿಗೆ ಕಳೆದ ವರ್ಷ ನಾನೇ ಪೂರಿಗಾಲಿಗೆ ಹೋದೆ. ಪಂಪು ಜಗಲಿಯ ಮೂಲೆಯಲ್ಲಿ ಮಲಗಿತ್ತು, ಅದರ ಬೆಲ್ಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಹೊಲದಲ್ಲಿ ಕಬ್ಬಿನ ಸಾಲುಗಳ ನಡುವೆ ಒತ್ತಾಗಿ ಸೆಣಬು, ಅದೇ ಹಸಿರುಗೊಬ್ಬರದ ಗಿಡ. ತಮ್ಮದೇ ಕಚೇರಿ ಕೊಟ್ಟ ಬೀಜ, ಸ್ವಾಮಿ. ಕಬ್ಬಿನ ಮೊಳಕೆ ನಿಧಾನ, ಸೆಣಬಿಗೆ ಅವಸರ. ಅದು ಮೊದಲೇ ಎದ್ದು ನೆರಳು ಹಾಸಿದರೆ ನೆಲಕ್ಕೆ ಬಿಸಿಲೇ ಬೀಳದು, ಕಳೆಗೆ ಕಣ್ಣು ಬಿಡಲು ಜಾಗವಿಲ್ಲ. ನಲವತ್ತೈದು ದಿನಕ್ಕೆ, ಹೂವಿಗೆ ಮುಂಚೆ, ಕೊಯ್ದು ಸಾಲಿನಲ್ಲೇ ಹಾಸುತ್ತಾರೆ. ಆ ಹೊದಿಕೆಯಡಿ ಉಳಿದದ್ದೂ ತಲೆ ಎತ್ತುವುದಿಲ್ಲ. ನಾನು ಬಗ್ಗಿ ಸಾಲುಸಾಲು ಹುಡುಕಿದೆ, ವ್ಯಾಪಾರದ ದೃಷ್ಟಿಯಿಂದಲೇ ಹುಡುಕಿದೆ. ಎರಡು ಎಳೆ ಗರಿಕೆ, ಒಂದು ಬಡಕಲು ಪಾರ್ಥೇನಿಯಂ ಸಿಕ್ಕವು.

“ನೀನ್ ಬತ್ತೀಯ ಅಂತ್ಲೇ ಉಳ್ಸಿವ್ನಿ ಪಾಷಣ್ಣ, ತಕೊಂಡೋಗು” ಅಂದರು ಅಂಕಮ್ಮ.

ನನ್ನ ಹೆಂಡತಿ ಬಿಬಿ ಜಾನ್ ಇದ್ದಿದ್ದರೆ ಸೆಣಬಿನ ಪಕ್ಷ ವಹಿಸುತ್ತಿದ್ದಳು. ರಿಪೇರಿಗೆ ಬಂದ ಪಂಪಿನ ತಳದ ಔಷಧಿ ಖಾಲಿಯಾಗುವುದು ನನ್ನ ಕೈ ಮೇಲೆ ತಾನೇ? ಮೂರು ಸಲ ಸೋಪು ಹಾಕದೆ ತಟ್ಟೆ ಕೊಡುತ್ತಿರಲಿಲ್ಲ. ಅವಳು ಹೋಗಿ ನಾಲ್ಕು ವರ್ಷ. ಎಷ್ಟು ಸಲ ತೊಳೆದಿರಿ ಎಂದು ಕೇಳುವವರಿಲ್ಲ, ನಾನೇ ಮೂರು ಎಣಿಸುತ್ತೇನೆ. ಇರಲಿ, ಮಾತು ಎಲ್ಲಿಗೋ ಹೋಯಿತು.

ಈ ವರ್ಷ ತಮ್ಮ ಕಚೇರಿ ಹೊಸ ನಿಯಮ ತಂದಿತು. ರಿಯಾಯಿತಿಯಲ್ಲಿ ಪಂಪು ಪಡೆದವರು ಅದು ಸುಸ್ಥಿತಿಯಲ್ಲಿದೆ, ಬಳಕೆಯಲ್ಲಿದೆ ಎಂದು ಮೆಕ್ಯಾನಿಕ್ ಕೈಯಿಂದ ಬರೆಸಿ ತಂದರೆ ಮಾತ್ರ ಬೀಜ. ಅಂಕಮ್ಮ ಪಂಪಿನ ಧೂಳು ಒರೆಸಿ ಹೊತ್ತು ತಂದರು. ಸರಿಯಾಗಿದೆ ಅಂತ ಒಂದು ಗೆರೆ ಗೀಚಿಕೊಡು ಅಂದರು. ಒಂದು ಗೆರೆ ಸಾಕಿತ್ತು. ನನಗೆ ಇಂಗ್ಲಿಷ್ ಬಂತು. ‘ಪಂಪ್ ಈಸ್ ಇನ್ ಗುಡ್ ಹೆಲ್ತ್. ವೀಡ್ಸ್ ಈಸ್ ಆಬ್ಸೆಂಟ್. ದೇರ್‌ಫೋರ್ ಪಂಪ್ ಈಸ್ ಆನ್ ಲೀವ್’ ಎಂದು ಬರೆದು ಸೀಲು ಒತ್ತಿದೆ. ಬಿಬಿ ಜಾನ್ ಆಗಿದ್ದರೆ ಎರಡನೇ ವಾಕ್ಯಕ್ಕೇ ಪೆನ್ನು ಕಿತ್ತುಕೊಳ್ಳುತ್ತಿದ್ದಳು. ತಮ್ಮ ಕಚೇರಿ ಕೊನೆಯ ವಾಕ್ಯವನ್ನಷ್ಟೇ ಓದಿತು. ಪಂಪು ಬಳಸಿಲ್ಲ, ಆದ್ದರಿಂದ ಕಳೆ ತೆಗೆದಿಲ್ಲ, ಆದ್ದರಿಂದ ಬೀಜವಿಲ್ಲ.

ಆ ಕಾಗದ ಹಿಡಿದು ಅಂಕಮ್ಮ ಮತ್ತೆ ಅಂಗಡಿಗೆ ಬಂದರು. ಕೂಗಾಡಲಿಲ್ಲ. “ನಿನ್ ಇಂಗ್ಲೀಸ್ನ ನನ್ ಒಲಕ್ಯಾಕ್ ಬಿತ್ತಿದೆ ಪಾಷಣ್ಣ? ಕಬ್ ನೆಡಕ್ಕೆ ಇನ್ ಇಪ್ಪತ್ ದಿನ ಐತೆ. ಬೀಜ ಬರ್ನಿಲ್ಲ ಅಂದ್ರೆ ತಿರ್ಗ ಪಂಪ್ ಒತ್ಕಬೇಕು. ಬೆನ್ನು ನಂದು ಕಣಣ್ಣ.”

ಹದಿನಾರು ಲೀಟರಿನ ಪಂಪದು. ರಿಪೇರಿ ಮಾಡಿ ಕೊಟ್ಟವನು ನಾನು, ತುಂಬಿಸಿ ಬೆನ್ನಿಗೇರಿಸಿಕೊಂಡವರು ಅವರು. ಆ ಬೆನ್ನಿಗೆ ಮಂಡ್ಯದ ಡಾಕ್ಟರು ಭಾರ ಹೊರಬೇಡ ಅಂದಮೇಲೇ ಅವರು ಸೆಣಬಿಗೆ ತಿರುಗಿದ್ದು. ನಾನು ತಲೆ ತಗ್ಗಿಸಿ ವಾಷರ್ ಹುಡುಕುವವನಂತೆ ಕೂತೆ.

ಈಗ ತಮಗೆ ಕೇಳುತ್ತೇನೆ. ಜ್ವರವೇ ಬಾರದವನು ಮಾತ್ರೆ ನುಂಗಲಿಲ್ಲವೆಂದು ಅವನನ್ನು ರೋಗಿಗಳ ಪಟ್ಟಿಗೆ ಸೇರಿಸುತ್ತೀರಾ? ಕಳೆ ಬಾರದಿರಲಿ ಎಂದು ಬೀಜ ಕೊಟ್ಟಿರಿ, ಬರಲಿಲ್ಲ. ಬಂದರೆ ಹೊಡೆಯಲಿ ಎಂದು ಪಂಪು ಕೊಟ್ಟಿರಿ, ಬಂದಿದ್ದರೆ ಹೊಡೆಯುತ್ತಿದ್ದರು. ಬೀಜದ ಮೇಜು, ಪಂಪಿನ ಮೇಜು ಒಂದೇ ಕೋಣೆಯಲ್ಲಿವೆ, ಒಂದರ ಮುಖ ಒಂದು ನೋಡಿಲ್ಲವೇ? ಸ್ವಂತ ಬೀಜ ಕಟ್ಟಿಟ್ಟುಕೊಳ್ಳಬಾರದೇ ಎಂದು ತಮ್ಮ ಗುಮಾಸ್ತರು ಕೇಳಿದರಂತೆ. ಹೂವಿಗೆ ಮುಂಚೆ ಕೊಯ್ಯುವ ಪೈರಿನಲ್ಲಿ ಬೀಜ ಎಲ್ಲಿಂದ ಬರಬೇಕು? ಸೆಣಬು ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಕೊಯ್ಯುವುದು ತಡವಾದರೆ ಅದೇ ಕಬ್ಬಿನ ಬಿಸಿಲು ಕದಿಯುತ್ತದೆ. ಕೊನ್ನಾರಿ ಗೆಡ್ಡೆಯಂಥ ಹಠಮಾರಿ ಕಳೆ ಬೇರೂರಿದ ಕಡೆ ಕೈಯಿಂದಲೇ ಕೀಳಬೇಕು. ಆದರೆ ಅಂಕಮ್ಮನ ಮುಕ್ಕಾಲು ಎಕರೆಯಲ್ಲಿ ಅದು ಕೆಲಸ ಮಾಡಿದೆ. ನಷ್ಟ ಅನುಭವಿಸಿದ ನಾನೇ ಸಾಕ್ಷಿ.

ಆದ್ದರಿಂದ ಕಬ್ಬು ನೆಡುವುದರೊಳಗೆ ಅವರ ಹೆಸರನ್ನು ಪಟ್ಟಿಗೆ ಸೇರಿಸಿ. ನಂಬಿಕೆಯಿಲ್ಲದಿದ್ದರೆ ಬೀಜ ಕೊಟ್ಟು ನಲವತ್ತು ದಿನ ಬಿಟ್ಟು ಬನ್ನಿ, ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುಡುಕಿ. ಹೊಡೆಯುವಷ್ಟು ಕಳೆ ಸಿಕ್ಕರೆ ಆ ಪಂಪನ್ನು ನಾನು ಹೊರುತ್ತೇನೆ, ಅರವತ್ತಾರರ ಬೆನ್ನಿನ ಮೇಲೆ. ನನ್ನ ಇಂಗ್ಲಿಷ್ ಪ್ರಮಾಣಪತ್ರವನ್ನು ರದ್ದು ಮಾಡಿ, ಅದರ ಶಿಕ್ಷೆ ನನಗಿರಲಿ. ಅದರ ಜಾಗಕ್ಕೆ ಇದನ್ನು ಅಂಟಿಸಿಕೊಳ್ಳಿ: ಪಂಪು ಚೆನ್ನಾಗಿದೆ. ಹೊಲವೂ ಚೆನ್ನಾಗಿದೆ. ಬೀಜ ಕೊಡಿ.

ಇಂತಿ,
ತಮ್ಮ ಉತ್ತರಕ್ಕಿಂತ ಅಂಕಮ್ಮನವರ ಕ್ಷಮೆಗೇ ಹೆಚ್ಚು ಕಾಯುತ್ತಿರುವ
ಅಕ್ರಂ ಪಾಷಾ
ಪಂಪು ರಿಪೇರಿ, ಗುತ್ತಲು, ಮಂಡ್ಯ
(ಗಿರಾಕಿ ಕಡಿಮೆ. ಯಾವಾಗ ಬಂದರೂ ಸಿಗುತ್ತೇನೆ.)