ಬೆಕ್ಕಿನ ಕಪ್ಪು ಕಿವಿ

ಹದಿನಾಲ್ಕನೇ ತಾರೀಖು, ಗುರುವಾರ

ನಮ್ಮ ಮಕ್ಕಳ ಅಪ್ಪನಿಗೆ,

ನಮಸ್ಕಾರ. ನಾವು ಮೂವರೂ ಬೆಕ್ಕೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಎಂದು ಮಕ್ಕಳು ಹೇಳುತ್ತಾರೆ. ತುಂಬಾ ಬೇಗ ಹೇಳುತ್ತಾರೆ, ನಾನು ಕೇಳಿ ಮುಗಿಸುವುದರೊಳಗೇ. ನನಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ಭಾನುವಾರ ನಿಮ್ಮ ಅಡುಗೆಮನೆಯಲ್ಲಿ ಪ್ಯಾನ್‌ಕೇಕಿನ ಮೇಲೆ ಚಿತ್ರ ಬಿಡಿಸುತ್ತಿರುವುದು ಯಾರು?

ನೀವಂತೂ ಅಲ್ಲ. ಹನ್ನೊಂದು ತಿಂಗಳ ಹಿಂದೆ ನೀವು ಬೇರೆ ಮನೆ ಮಾಡಿದಾಗ, ವಾರವೆಲ್ಲಾ ಮಕ್ಕಳು ನನ್ನ ಹತ್ತಿರ, ಭಾನುವಾರ ನಿಮ್ಮ ಹತ್ತಿರ ಎಂದು ಮಾತಾಗಿತ್ತು. ಮೊದಲ ಭಾನುವಾರದಿಂದಲೇ ಡಬ್ಬಿಯಲ್ಲಿ ನನ್ನ ಪಾಲಿನದು ಒಂದು ಬರುತ್ತಿದೆ. ಚಿಟ್ಟೆ ಬಂತು, ಒಂದೊಂದು ಕಡ್ಡಿಯೂ ಎಣಿಸುವಂತಿದ್ದ ಸೈಕಲ್ ಚಕ್ರ ಬಂತು, ಬಾಳೆಹಣ್ಣಿನ ಕಣ್ಣು, ದ್ರಾಕ್ಷಿ ಮೂಗು ಇಟ್ಟ ನಮ್ಮ ಚಿಕ್ಕವಳು ಚಿನಕುರುಳಿಯ ಮುಖ ಬಂತು. ಅದನ್ನು ನಾನೇನೂ ತಿನ್ನುವುದಿಲ್ಲ, ಬೆಕ್ಕಿಗೆ ಹಾಕುತ್ತೇನೆ. ಆದರೆ ಹಾಕುವ ಮೊದಲು ನೋಡುತ್ತೇನೆ.

ಎರಡು ತಿಂಗಳ ಹಿಂದೆ ಬಂದದ್ದು ನಮಗೆ ಬೆನ್ನು ಹಾಕಿ ಕೂತ ಬೆಕ್ಕಿನ ಚಿತ್ರ. ನಮ್ಮ ಬೆಕ್ಕಿಗೆ ಕಪ್ಪಾಗಿರುವುದು ಎಡಗಿವಿ. ಪ್ಯಾನ್‌ಕೇಕಿನ ಬೆಕ್ಕಿಗೆ ಬಲಗಿವಿ ಕಪ್ಪು. ಮುಂದಿನ ವಾರವೂ ಬಲಗಿವಿಯೇ.

ನೀವು ಇಪ್ಪತ್ತು ವರ್ಷ ಅಂಗಡಿಗಳ ಗಾಜಿನ ಮೇಲೆ ಒಳಗಿನಿಂದ ತಿರುವುಮುರುವಾಗಿ ಬರೆದು, ಬೀದಿಯವರಿಗೆ ನೆಟ್ಟಗೆ ಕಾಣುವಂತೆ ಮಾಡಿದವರು. ಪ್ಯಾನ್‌ಕೇಕಿನದೂ ಅದೇ ಕತೆ ಎಂದು ನನಗೆ ತೋರಿಸಿಕೊಟ್ಟವರೂ ನೀವೇ. ಸಾಸ್ ಬಾಟಲಿಗೆ ಕೋಕೋ ಕಲೆಸಿದ ಹಿಟ್ಟು ತುಂಬಿ ಮೊದಲು ಕಾವಲಿಯ ಮೇಲೆ ಗೆರೆ ಎಳೆಯಬೇಕು, ಅದು ಚೂರು ಬೆಂದ ಮೇಲೆ ಬಿಳಿ ಹಿಟ್ಟು ಸುರಿಯಬೇಕು, ಮಗುಚಿದಾಗ ಎಡಗಡೆ ಬಿಡಿಸಿದ್ದು ಬಲಗಡೆ ಕಾಣುತ್ತದೆ. ನೀವು ನಿದ್ದೆಗಣ್ಣಿನಲ್ಲೂ ಆ ಕಿವಿಯನ್ನು ತಪ್ಪಾಗಿ ಇಡುವವರಲ್ಲ. ಹಾಗಾದರೆ ಬಾಟಲಿ ಹಿಡಿದ ಕೈ ಯಾರದು?

ನಾನು ದಿನಕ್ಕೆ ಆರುನೂರು ಅಂಗಿ ಪರೀಕ್ಷೆ ಮಾಡುವವಳು. ಹೊಲಿಗೆ ತಪ್ಪಿದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದೇ ಫ್ಯಾಕ್ಟರಿಯಲ್ಲಿ ನನಗೆ ಕೊಟ್ಟ ಕೆಲಸ. "ನಿನ್ನ ಕಣ್ಣಿಗೆ ಬಿದ್ದದ್ದೆಲ್ಲಾ ಡ್ಯಾಮೇಜ್ ಪೀಸೇ ಕಣೇ" ಎಂದು ನೀವು ಹಂಗಿಸುತ್ತಿದ್ದಿರಿ. ಇರಲಿ. ಬಾಣ ಅಂಟಿಸಬೇಕಾದ ಜಾಗಗಳು ಇನ್ನೂ ಇವೆ.

ದೊಡ್ಡವಳ ಮಣಿಕಟ್ಟಿನ ಹತ್ತಿರ ಸುಟ್ಟ ಗುರುತಿದೆ. ಕೇಳಿದರೆ "ಸ್ಕೂಲಲ್ಲಿ ಡೆಸ್ಕ್ ತಗಲ್ತು" ಅಂದಳು. ಡೆಸ್ಕ್ ತಗಲಿದರೆ ಬೊಬ್ಬೆ ಏಳುವುದನ್ನು ನಾನು ಎಲ್ಲೂ ಕಂಡಿಲ್ಲ. ಚಿನಕುರುಳಿಗೆ ತಲೆ ಬಾಚುತ್ತಾ, ಅಪ್ಪ ಈ ಸಲ ಏನು ಬಿಡಿಸಿದರು ಎಂದು ಮೆಲ್ಲಗೆ ಕೇಳಿದೆ. "ಅಪ್ಪ ಕುರ್ಚಿ ಮೇಲೆ ಕೂತ್ಕೊಂಡು ಹೇಳ್ತಾರೆ ಅಷ್ಟೇ" ಅಂದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಕೇಳಿದ್ದಕ್ಕೆಲ್ಲಾ "ಪ್ರಾಮಿಸ್ ಮಾಡಿದೀವಮ್ಮ" ಎಂಬ ಒಂದೇ ಉತ್ತರ. ಅಮ್ಮನಿಂದ ಮುಚ್ಚಿಡುವಂಥದ್ದು ಆರು ವರ್ಷದ ಮಗುವಿಗೆ ಏನಿರುತ್ತದೆ, ಯಾರೋ ಒಬ್ಬಳು ಆ ಮನೆಯಲ್ಲಿ ಇದ್ದರೆ ತಾನೆ?

ನಿನ್ನೆ ಫ್ಯಾಕ್ಟರಿಯಿಂದ ಬರುವಾಗ ನೀವು ಬಣ್ಣ ಕೊಳ್ಳುವ ಅಂಗಡಿಗೂ ಹೋಗಿದ್ದೆ. ಬಾಗಿಲಿಗೆ ಬಣ್ಣ ಬೇಕು ಎಂದು ಸುಳ್ಳು ಹೇಳಿದೆ. ಅಂಗಡಿಯವರು ತಾವಾಗಿಯೇ "ನಿಮ್ಮನೆಯವ್ರು ಮೂರು ತಿಂಗಳಿಂದ ಈ ಕಡೆ ತಲೆನೇ ಹಾಕಿಲ್ವಲ್ಲಾ, ಕೆಲಸ ಬಿಟ್ರಾ?" ಎಂದು ಕೇಳಿದರು. ಕುಂಚ ಮುಟ್ಟದೆ ಮೂರು ತಿಂಗಳು ಮನೆ ನಡೆಯುತ್ತಿದೆ ಎಂದರೆ ನಡೆಸುವವರು ಬೇರೆ ಇದ್ದಾರೆ ಎಂದಾಯಿತು. ಇಲ್ಲವೇ ಹಳೆಯ ಚಟ ಮತ್ತೆ ಹಿಡಿದಿದೆ. ನೀವು ಕುಡಿದು ಬಂದು ಟೀ ಲೋಟ ಕೈಬಿಟ್ಟ ಆ ಸಂಜೆಯನ್ನು ನಾನಿನ್ನೂ ಮರೆತಿಲ್ಲ. ನಮ್ಮ ಸಂಸಾರ ಒಡೆದದ್ದು ಆ ಲೋಟದ ಜೊತೆಗೇ.

ಆದ್ದರಿಂದ ಆ ಕೈ ಯಾರದೆಂದು ನೀವು ಹೇಳುವವರೆಗೆ ಮಕ್ಕಳನ್ನು ಕಳಿಸುವುದಿಲ್ಲ. ಈ ಭಾನುವಾರವೂ ಇಲ್ಲ, ಬರುವ ಭಾನುವಾರವೂ ಇಲ್ಲ.

ಹದಿನಾರನೇ ತಾರೀಖು, ಶನಿವಾರ

ಇಷ್ಟು ಬರೆದು ಮಡಚಿ ಇಟ್ಟಿದ್ದೆ. ಕಳಿಸುವ ಮೊದಲು ಸಾಕ್ಷಿ ಇನ್ನಷ್ಟು ಗಟ್ಟಿಯಾಗಲಿ ಎಂದು ಇವತ್ತು ಬೆಳಿಗ್ಗೆ ಒಂದು ಉಪಾಯ ಮಾಡಿದೆ. ಹಿಟ್ಟು ಕಲೆಸಿ, ಒಂದು ಬಾಟಲಿಗೆ ಕೋಕೋ, ಇನ್ನೊಂದಕ್ಕೆ ಬೀಟ್‌ರೂಟ್ ರಸ ಬೆರೆಸಿದ್ದು ತುಂಬಿಸಿಟ್ಟು, ಮಕ್ಕಳನ್ನು ಕರೆದೆ. ನನಗೂ ಕಲಿಸಿ, ಅಪ್ಪನ ಮನೆಯಲ್ಲಿ ಮಾಡುವ ಹಾಗೆಯೇ ಮಾಡೋಣ ಅಂದೆ. ಆ ಮನೆಯಲ್ಲಿರುವವಳ ಮುಖವನ್ನೇ ಮಕ್ಕಳು ಬಿಡಿಸಿಬಿಟ್ಟರೆ ಒಳ್ಳೆಯದಾಯಿತು ಎಂದೂ ಒಳಗೊಳಗೇ ಆಸೆ ಇತ್ತು.

ಚಿನಕುರುಳಿಗೆ ಹಿಡಿಸಲಾರದಷ್ಟು ಖುಷಿ. ದ್ರಾಕ್ಷಿ ಅರ್ಧ ತಟ್ಟೆಗೆ, ಅರ್ಧ ಬಾಯಿಗೆ. ಮೂರು ಕಣ್ಣಿನ ರಾಕ್ಷಸನನ್ನು ಮಾಡಿ ಅದು ಅಮ್ಮ ಅಂದಳು. ನಾನು ನಕ್ಕುಬಿಟ್ಟೆ. ನಮ್ಮ ಅಡುಗೆಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು. ದೊಡ್ಡವಳು ಮಾತ್ರ ಬಾಟಲಿ ಮುಟ್ಟದೆ ಕಿಟಕಿ ಹತ್ತಿರ ನಿಂತಿದ್ದಳು. ಅವಳಿಗೆ ನನ್ನ ಉಪಾಯ ಅರ್ಥವಾಗಿತ್ತು. ಹನ್ನೊಂದು ವರ್ಷ ನನ್ನ ಜೊತೆ ಬೆಳೆದವಳಲ್ಲವೇ. "ಅಕ್ಕಾ, ಬೆಕ್ಕು ಮಾಡು, ನಿಂಗೆ ಚೆನ್ನಾಗಿ ಬರುತ್ತಲ್ಲ" ಎಂದು ಚಿಕ್ಕವಳೇ ಹಿಡಿದು ಎಳೆದಳು.

ಬಿಡಿಸಿದಳು. ಬೆನ್ನು ಒಂದೇ ಎಳೆತ, ಬಾಲದ ತುದಿಯಲ್ಲಿ ಚೂರೇ ಚೂರು ಮೇಲಕ್ಕೆತ್ತಿದ ಗೆರೆ. ಎಡಗಡೆಗೆ ಕಪ್ಪು ಕಿವಿ. ಮಗುಚಿದಾಗ ಅದು ಬಲಗಡೆಗೆ ಬಂತು. ಎಂಟು ವಾರದಿಂದ ನನ್ನ ಡಬ್ಬಿಗೆ ಬರುತ್ತಿದ್ದ ಅದೇ ಬೆಕ್ಕು.

ನಾನು ಒಲೆ ಆರಿಸಿದೆ. ಅವಳು ಅಳುತ್ತಾ ಎಲ್ಲಾ ಹೇಳಿದಳು. ನಿಮ್ಮ ಬಲಗೈ ನಡುಗುತ್ತದಂತೆ. ಕುಂಚ ಹಿಡಿದರೆ ಗೆರೆ ಅಲುಗುತ್ತದಂತೆ. ಒಂದು ಭಾನುವಾರ ಬಾಟಲಿ ಕೈಜಾರಿ ಹಿಟ್ಟೆಲ್ಲಾ ನೆಲಕ್ಕೆ ಬಿದ್ದು, ನೀವು ಗೋಡೆಯ ಕಡೆ ತಿರುಗಿ ನಿಂತಿರಂತೆ. ಅಂದಿನಿಂದ ನೀವು ಕುರ್ಚಿಯಲ್ಲಿ ಕೂತು ಹೇಳುವುದು, ಇವಳು ಎಳೆಯುವುದು. "ಅಮ್ಮಂಗೆ ಗೊತ್ತಾದ್ರೆ, ಇಂಥಾ ಕೈ ಇಟ್ಕೊಂಡು ಮಕ್ಕಳನ್ನ ಒಲೆ ಹತ್ರ ಬಿಡ್ತೀರಾ ಅಂತ ಭಾನುವಾರಾನೇ ನಿಲ್ಲಿಸಿಬಿಡ್ತಾಳೆ, ಹೇಳ್ಬೇಡ ಅಂದ್ರು" ಎಂದಳು.

ನನ್ನನ್ನು ನೀವು ಸರಿಯಾಗಿಯೇ ಅಳೆದಿದ್ದೀರಿ. ನಿಲ್ಲಿಸುತ್ತಿದ್ದೆ. ಕೈ ಬೇರೆ ಯಾರದೋ ಎಂದುಕೊಂಡೇ ನಿಲ್ಲಿಸಿದ್ದೇನೆ, ಮೇಲೆ ಓದಿದ್ದೀರಲ್ಲ. ಆ ಹಾಳೆಗಳನ್ನು ಹರಿದು ಹಾಕಬಹುದಿತ್ತು. ಹರಿಯಲಿಲ್ಲ. ನೀವು ನನಗೆ ಹೆದರಿದ್ದು ಸುಮ್ಮನೆ ಅಲ್ಲ ಎಂಬುದಕ್ಕೆ ಅವು ಇರಲಿ. ಮಗಳ ಮಣಿಕಟ್ಟು ಸುಟ್ಟದ್ದಕ್ಕೆ ಮಾತ್ರ ನಿಮ್ಮ ಮೇಲೆ ಕೋಪ ಇದೆ, ಅದನ್ನು ಎದುರಿಗೇ ಹೇಳುತ್ತೇನೆ.

ಬೆಕ್ಕಿಗೆ ಹಾಕುತ್ತೇನೆ ಎಂದದ್ದೂ ಸುಳ್ಳು. ಹನ್ನೊಂದು ತಿಂಗಳಲ್ಲಿ ಬೆಕ್ಕಿಗೆ ಒಂದು ಚೂರೂ ಸಿಕ್ಕಿಲ್ಲ.

ಒಂದು ವಿಷಯ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಕಿವಿ ತಪ್ಪಾದದ್ದು ನಿಮ್ಮ ಕಣ್ಣಿಗೆ ಬೀಳದೆ ಇರಲು ಸಾಧ್ಯವಿಲ್ಲ. ಕೈ ನಡುಗಿದರೇನು, ಕಣ್ಣು ಸರಿ ಇದೆಯಲ್ಲ. ದೊಡ್ಡವಳನ್ನು ಕೇಳಿದೆ. "ತಿದ್ಲಾ ಅಂತ ಕೇಳ್ದೆ, ಇರಲಿ ಬಿಡು, ಅಮ್ಮ ನೋಡ್ಲಿ ಅಂದ್ರು" ಎಂದಳು. ಮಕ್ಕಳ ಬಾಯಿಗೆ ಬೀಗ ಹಾಕಿ, ಪರೀಕ್ಷೆಯವಳ ಕೈಗೆ ಪ್ರತಿ ವಾರ ತಪ್ಪಿದ ಮಾಲು ಕಳಿಸಿದಿರಿ. ಅದು ಬೇಕೆಂದೇ ಮಾಡಿದ್ದೋ ಅಲ್ಲವೋ ಎಂಬ ಅನುಮಾನ ನನಗಿದೆ. ಇದೊಂದನ್ನು ನೀವು ಪರಿಹರಿಸಬೇಕಾಗಿಲ್ಲ.

ಈ ಕಾಗದವನ್ನು ನಾಳೆ ದೊಡ್ಡವಳು ನಿಮ್ಮ ಕೈಗೆ ಕೊಡುತ್ತಾಳೆ. ನೀವು ಓದುವವರೆಗೆ ನಾನು ಕೆಳಗೆ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಡಾಕ್ಟರಿಗೆ ತೋರಿಸಿದ್ದೇನೆ ಎಂದು ಮಕ್ಕಳ ಹತ್ತಿರ ಹೇಳಿದ್ದೀರಂತೆ, ನಾನು ನಂಬುವುದಿಲ್ಲ, ಚೀಟಿ ತೆಗೆದಿಡಿ. ಇಲ್ಲದಿದ್ದರೆ ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ನಾನು ರಜೆ ಹಾಕಿದ್ದೇನೆ. ನಾಳೆ ಮಗುಚುವ ಕೆಲಸ ನನ್ನದು, ಮಕ್ಕಳು ಒಲೆಯ ಹತ್ತಿರ ಬರುವುದು ಬೇಡ. ನೀವು ಕುರ್ಚಿಯಲ್ಲೇ ಕೂತು ಹೇಳಿ.

ಇಂತಿ,
ಚಿನಕುರುಳಿ ಮಾಡಿದ ಮೂರು ಕಣ್ಣಿನವಳು

ಮತ್ತೊಂದು ಮಾತು: ಲೋಟ ಒಡೆದ ಆ ಸಂಜೆ ನಾನು ಹತ್ತಿರ ಬಂದು ನಿಮ್ಮ ಬಾಯಿ ಮೂಸಿ ನೋಡಿದ್ದು ನೆನಪಿದೆಯಲ್ಲ? ಟೀ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಸಾರಾಯಿ ವಾಸನೆ ಇದೆ ಎಂದೆ. ನಿಮ್ಮ ಬೆರಳುಗಳು ನಡುಗುತ್ತಿದ್ದುದನ್ನು ನಾನು ಆಗಲೇ ಕಂಡಿದ್ದೆ, ಗಂಡ ಕುಡಿದಿದ್ದಾನೆ ಎಂದುಕೊಳ್ಳುವುದು ನನಗೆ ಸುಲಭವಾಗಿತ್ತು.